ರೇಡಿಯೊ ತಿರುಪಿಗೆ ಬಿದಿರುಕಡ್ಡಿ

ತಮ್ಮಾ ಗೌತಮ,

ನೀನು ಏಳುವ ಮೊದಲೇ ನೇಸರಗಿಯ ಬಸ್ಸು ಹಿಡಿಯುತ್ತೇನೆ. ಸಂಜೆ ಅವ್ವನ ಭಜನಾ ಮೇಳದ ಹಾಡು ರೇಡಿಯೊದಲ್ಲಿ ಬರುತ್ತದೆ. ಅವಳ ಜೊತೆಗೆ ಹಾಡಿದ ಮುದಕವ್ವನನ್ನು ನೇಸರಗಿಯಿಂದ ಕರೆತರುತ್ತೇನೆ. ಮೊಬೈಲಿನಲ್ಲಿ ಕೇಳಿಸುತ್ತೇವೆ ಎಂದರೆ ಅವ್ವ ಒಪ್ಪುವುದಿಲ್ಲ. “ನಿಮ್ಮಪ್ಪನ ರೇಡಿಯೊದಾಗ ನನ್ನ ದನಿ ಬರಬೇಕು” ಅಂತ ಅವಳ ಹಟ. ಸ್ಟೇಶನ್ ಹಿಡಿಯದೆ ಕೂತ ಆ ರೇಡಿಯೊವನ್ನು ನೀನೇ ಸರಿ ಮಾಡಬೇಕು.

ನಿನ್ನೆ ನೀನು ಕಬ್ಬಿಣದ ಸ್ಕ್ರೂಡ್ರೈವರಿನಿಂದ ಒಳಗಿನ ಸಣ್ಣ ತಿರುಪು ತಿರುಗಿಸಿದೆ. ಅದು ತಾಗಿರುವಷ್ಟು ಹೊತ್ತು ಸ್ಟೇಶನ್ ಹಿಡಿಯಿತು, ತೆಗೆದ ಕೂಡಲೇ ಹೋಯಿತು. ಅವ್ವ, “ನೀ ಎದ್ದರ ಸ್ಟೇಶನ್ನೂ ನಿನ್ನ ಹಿಂದ ಎದ್ದ ಹೊಕ್ಕೈತಿ ನೋಡೋ” ಎಂದು ನಕ್ಕದ್ದಕ್ಕೆ ನೀನು ಸಿಟ್ಟಾಗಿ ಉಣ್ಣದೇ ಮಲಗಿದೆ. ಹುಚ್ಚಪ್ಪಾ, ಕಬ್ಬಿಣ ಹತ್ತಿರ ಬಂದರೆ ಆ ತಿರುಪಿನ ಹದವೇ ಕೆಡುತ್ತದೆ.

ಪ್ಲಾಸ್ಟಿಕ್ಕಿನ ಸ್ಕ್ರೂಡ್ರೈವರ್ ಬೇಕೆಂದು ನಿನ್ನೆ ರಾತ್ರಿಯೇ ಯರಗಟ್ಟಿಯ ರಿಪೇರಿ ಅಂಗಡಿಯಲ್ಲಿ ಕೇಳಿದೆ. “ರೇಡಿಯೊನ ಇಲ್ಲ, ಅದರ ಹತ್ಯಾರ ಎಲ್ಲಿಂದ ತರೂಣ್ರಿ?” ಎಂದು ಅಂಗಡಿಯವನು ಚಹಾ ಕುಡಿಸಿ ಕಳಿಸಿದ. ಹಾಗಾಗಿ ಮುರಿದ ಬುಟ್ಟಿಯಿಂದ ಒಂದು ಬಿದಿರುಕಡ್ಡಿ ಕಿತ್ತು, ತುದಿ ಚಪ್ಪಟೆ ಕೆತ್ತಿ ದೇವರ ಮಾಡದಲ್ಲಿ ಇಟ್ಟಿದ್ದೇನೆ. ಕೈಮುಗಿದು ತೆಗೆದುಕೊ.

ತಿರುಪು ಈಗ ನಿಂತ ಜಾಗಕ್ಕೆ ಮೊದಲು ಕುಂಕುಮದ ಬೊಟ್ಟಿಡು. ದಾರಿ ತಪ್ಪಿದರೆ ಅಲ್ಲಿಗೆ ಮರಳಬಹುದು. ಕೂದಲೆಳೆಯಷ್ಟೇ ತಿರುಗಿಸು. ಕಡ್ಡಿ ತೆಗೆ, ಕೈಯನ್ನೂ ದೂರ ಮಾಡು, ಆಮೇಲೆ ಕೇಳು. ದನಿ ಹೋಗದೆ ಹಾಗೇ ಉಳಿಯಿತೆಂದರೆ ಮತ್ತೆ ಮುಟ್ಟಬೇಡ.

ಇನ್ನೊಂದು. ರೆಕಾರ್ಡಿಂಗಿನಲ್ಲಿ ಹಾಡುವಾಗ ಅವ್ವ ಒಂದು ನುಡಿ ಮರೆತಳಂತೆ, ಮುದಕವ್ವ ತಾನೇ ಎತ್ತಿಕೊಂಡು ಹಾಡಿದಳಂತೆ. ಆ ಜಾಗ ಬಂದಾಗ ನಾವು ನಗಬಾರದು. ನೀನು ಅವ್ವನ ಪಕ್ಕದಲ್ಲೇ ಕೂಡು.

ನಿನ್ನ ಅಣ್ಣ,
ಗುರುನಾಥ