ಸತ್ತೆವ್ವ ಉತ್ತರಿಸಿದ ಪರೀಕ್ಷೆ

ಗೋಕಾಕ, ಬುಧವಾರ, ೧೨-೧೧-೧೯೫೮

ಆ ವಾರಪತ್ರಿಕೆಯನ್ನು ಮನೆಗೆ ತರಬಾರದಿತ್ತು. 'ನಿಮ್ಮ ಸ್ವಭಾವ ಅರಿಯಿರಿ' ಎಂಬ ಪರೀಕ್ಷೆ ಅದರಲ್ಲಿತ್ತು. ನಮ್ಮ ಬಗ್ಗೆ ಮನೆಯವರು ಉತ್ತರಿಸಿದರೆ ನಿಜ ತಿಳಿಯುತ್ತದಂತೆ. ಹೆಂಡತಿ ಸತ್ತೆವ್ವ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕೂತು, ಶಾಲೆಯಲ್ಲಿ ಮಗ್ಗಿ ಒಪ್ಪಿಸಿಕೊಳ್ಳುವ ದನಿಯಲ್ಲೇ ಪ್ರಶ್ನೆಗಳನ್ನು ಓದಿದೆ.

ನನಗೆ ಬೇಗ ಸಿಟ್ಟು ಬರುತ್ತದೆಯೇ?

"ಇಲ್ರಿ."

ತಪ್ಪು ಒಪ್ಪಿಕೊಳ್ಳುತ್ತೇನೆಯೇ?

"ಹೌದ್ರಿ."

ನನಗೆ ಹಿಗ್ಗೋ ಹಿಗ್ಗು. ಕೊನೆಯದು, ಮನೆಯವರು ನನಗೆ ಹೆದರುತ್ತಾರೆಯೇ?

ಬಡಿಯುವ ಸಪ್ಪಳ ನಿಂತಿತು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಅವಳು ತಿರುವಲಿಲ್ಲ.

"ಇದಕ್ಕ ಏನ್ ಅನ್ನಬೇಕ್ರಿ?" ಎಂದು ನನ್ನನ್ನೇ ಕೇಳಿದಳು.

'ಇಲ್ಲ' ಅನ್ನು ಎಂದೆ. ಅಂದಳು. ಪೂರ್ತಿ ಅಂಕ ಬಂತು.

ಸೀದ ರೊಟ್ಟಿಯನ್ನು ತನ್ನ ಗಂಗಾಳಕ್ಕೆ ಹಾಕಿಕೊಂಡು, ನನಗೆ ಬೇರೆ ಬಡಿದಳು. ಆ ಹೊಸ ರೊಟ್ಟಿಯನ್ನೇ ಉಂಡೆ. ಇನ್ನೊಂದಕ್ಕೆ ಕೈ ಚಾಚಿದೆ.