ಹಾಬ್ಲೋ ಗುಡ್ಡದ ನಡುದಾರಿಯ ಕಲ್ಲುಬೆಂಚು

ನಗರಸಭೆಯ ರಸ್ತೆ ವಿಭಾಗದ ಮಾನ್ಯರೇ,

ನಮ್ಮ ಹಾಬ್ಲೋ ಗುಡ್ಡದ ನಡುದಾರಿಯಲ್ಲಿದ್ದ ಕಲ್ಲುಬೆಂಚನ್ನು ತಾವು ಕಿತ್ತುಕೊಂಡು ಹೋಗಿ ಇಂದಿಗೆ ಮೂರು ವಾರ. ಯಾರೂ ಅಲ್ಲಿ ನಾಲ್ಕು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ, ವಾರಸುದಾರರಿಲ್ಲದ ಚೀಲಗಳು ಮಾತ್ರ ಬಿದ್ದಿರುತ್ತವೆ ಎಂಬುದು ತಮ್ಮ ಸಮೀಕ್ಷೆಯ ಸಾರ. ಆಹಾ, ಎಂಥ ಸಂಶೋಧನೆ! ಏರು ಹತ್ತುವವರು ಉಸಿರು ಸುಧಾರಿಸಿಕೊಳ್ಳಲು ಕೂರುತ್ತಾರೆ ಸ್ವಾಮೀ, ಸಂಸಾರ ಹೂಡಲು ಅಲ್ಲ.

ಇನ್ನು ಆ ಚೀಲಗಳು. ಇದೇ ಏರಿನಲ್ಲಿ ಮೂವತ್ತು ವರ್ಷ ಅಂಚೆ ಹಂಚಿದವನು ಹೇಳುತ್ತೇನೆ, ಕೇಳಿ. ಪೇಟೆಯಿಂದ ಆಲೂಗಡ್ಡೆ ಹೊತ್ತು ಬಂದ ಮುದುಕರು ಚೀಲವನ್ನು ಬೆಂಚಿನ ಮೇಲೆ ಬಿಟ್ಟು ಬರಿಗೈಯಲ್ಲಿ ಮೇಲೆ ಹೋಗುತ್ತಾರೆ. ಹಿಂದೆ ಬರುವ ಗಟ್ಟಿಮುಟ್ಟಾದವರು ಅದನ್ನೆತ್ತಿ ಅವರ ಬಾಗಿಲಿಗೆ ಮುಟ್ಟಿಸುತ್ತಾರೆ. ಯಾರ ಮನೆಯದೆಂದು ಹಿಡಿಕೆಗೆ ಕಟ್ಟಿದ ಉಣ್ಣೆದಾರದ ಬಣ್ಣವೇ ಹೇಳುತ್ತದೆ. ತಮ್ಮ ಸಿಬ್ಬಂದಿ ಅಂಥ ಹನ್ನೊಂದು ಚೀಲಗಳನ್ನು ವಶಪಡಿಸಿಕೊಂಡರು. ಒಂದರಲ್ಲಿ ನನ್ನ ಹಂದಿಮಾಂಸದ ಪೈ ಇತ್ತು. ಅದೀಗ ಯಾವ ಕಡತದಲ್ಲಿದೆ?

ಐವತ್ತು ವರ್ಷಗಳ ಹಿಂದೆ ತಮ್ಮದೇ ವಿಭಾಗ ಹೆದ್ದಾರಿ ತರುತ್ತೇವೆಂದು ಗುಡ್ಡದ ಅರ್ಧ ಮನೆಗಳನ್ನು ಕೆಡವಿತು. ಹೆದ್ದಾರಿ ಇನ್ನೂ ಬರುತ್ತಲೇ ಇದೆ! ಡೊರೊಥಿಯಾ ಪೊಕಾಕ್ ಅವರ ಮನೆಯೂ ಹೋಯಿತು. ಅವರು ಹೊಸ್ತಿಲ ಕಲ್ಲೊಂದನ್ನು ಮಾತ್ರ ಬಿಟ್ಟುಕೊಡದೆ ಅದರ ಮೇಲೆ ಕೂತುಬಿಟ್ಟರು. ಆ ಕಲ್ಲೇ ನಮ್ಮ ಬೆಂಚಾಯಿತು.

ಈಗ ಅವರಿಗೆ ಎಂಬತ್ತಾರು. ಈಗಿನ ಮನೆ ಗುಡ್ಡದ ತುದಿಯಲ್ಲಿ. ಆಕ್ಷೇಪವಿದ್ದರೆ ಕೆಳಗಿನ ಕಚೇರಿಗೆ ಖುದ್ದಾಗಿ ಬರಬೇಕೆಂದು ಅವರಿಗೆ ಪತ್ರ ಬರೆದಿರಿ. ಕಳೆದ ಮಂಗಳವಾರ ಅವರು ಕೋಟು ತೊಟ್ಟು, ಟೋಪಿಗೆ ಪಿನ್ನು ಚುಚ್ಚಿ, ಕರೆದೊಯ್ಯಲು ಬಾಗಿಲಲ್ಲಿ ಕಾಯುತ್ತಿದ್ದ ನನ್ನ ಮುಂದೆ ಬಂದು ನಿಂತರು.

"ಇಳಿಯೋದೇನೋ ಇಳೀತೀನಿ ಗಿಲ್ಬರ್ಟ್. ವಾಪಸ್ ಹತ್ತೋವಾಗ ಎಲ್ಲಿ ಕೂರ್ಲಿ?"

"ನನ್ ತೋಳು ಹಿಡ್ಕೊಳ್ಳಿ, ಮಿಸೆಸ್ ಪೊಕಾಕ್."

"ನಿನ್ ಮಂಡಿ ನನ್ ಮಂಡಿಗಿಂತ ಕೆಟ್ಟೋಗಿದೆ ಕಣೋ. ಇಬ್ರೂ ಉರುಳ್ಕೊಂಡು ಸೀದಾ ಆ ಸಾಹೇಬನ ಮೇಜಿನ ಮೇಲೇ ಬೀಳ್ತೀವಿ!"

ನಕ್ಕರು. ಆಮೇಲೆ ಟೋಪಿ ತೆಗೆದು ಒಳಗೆ ಹೋದರು. ಬೆಂಚು ಹೋದ ದಿನದಿಂದ ಅವರು ಗುಡ್ಡ ಇಳಿದಿಲ್ಲ.

ಆದ್ದರಿಂದ ಆ ಕಲ್ಲನ್ನು ತಂದು ಮೊದಲಿನ ಜಾಗದಲ್ಲೇ ಇಡಿ. ಜಾಗ ಯಾವುದೆಂದು ಮರೆತಿದ್ದರೆ ಖುದ್ದಾಗಿ ಬನ್ನಿ. ಕಾರು ಕೆಳಗೇ ಇರಲಿ. ಆ ಹನ್ನೊಂದು ಚೀಲಗಳು ತಮ್ಮ ಕೈಯಲ್ಲಿರಲಿ. ಇನ್ನು ಒಂದು ಹೆಜ್ಜೆಯೂ ಆಗದು, ಕೂರಲೇಬೇಕು ಎಂದು ತಮಗೆ ಎಲ್ಲಿ ಅನಿಸುತ್ತದೋ, ಕಲ್ಲು ಇದ್ದದ್ದು ಅಲ್ಲೇ.

ಇಂತಿ,
ನಾಲ್ಕೇ ನಿಮಿಷ ಕೂರುತ್ತಿದ್ದ, ಈಗ ನಿಂತೇ ಏದುಸಿರು ಬಿಡುತ್ತಿರುವ ನಿವೃತ್ತ ಅಂಚೆಯವ,
ಗಿಲ್ಬರ್ಟ್ ಟ್ರೆಂಬಾತ್