ಕುದಿಸಿ ಕುಡಿಯುವ ನೀರು

ಹನೂರು ತಾಲ್ಲೂಕು, ನಮ್ಮ ದೊಡ್ಡಿಯಿಂದ
ಜೂನ್ 18, 2025

ನನ್ನ ಪುಟ್ಟ ತಂಗಿ ಪುಷ್ಪಾ,

ಹೊನ್ನೂರಿನ ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದೀರಿ ತಾನೆ? ನಿನ್ನ ಕಾಗದವನ್ನು ಆಶಾ ಕಾರ್ಯಕರ್ತೆ ರೂಪ ತಂದುಕೊಟ್ಟಳು. ನಿನ್ನ ಮಗಳು ನಾಗಶ್ರೀಗೆ ಹೆಣ್ಣು ಮಗುವಾಯಿತೆಂದು ಓದಿ ಜೀವ ತಂಪಾಯಿತು. ಹೆಸರಿಡುವ ದಿನಕ್ಕೆ ಅವ್ವನ ತೊಟ್ಟಿಲು ತೆಗೆದುಕೊಂಡು ಬಾ ಅಂದಿದ್ದೀಯ. ನೀನೂ ನಾನೂ ಮಲಗಿದ ತೊಟ್ಟಿಲು. ನನ್ನ ಕೂಸು ಮಾದೇಶನೂ ಇದ್ದಷ್ಟು ದಿನ ಅದರಲ್ಲೇ ಮಲಗಿದ್ದ. ಆದರೆ ಈ ಸಲ ನಾನು ಬರಲಾರೆ. ನೀನೂ ಇತ್ತ ಬರಬೇಡ.

ಊರಲ್ಲಿ ವಾಂತಿಭೇದಿ ಎದ್ದಿದೆ. ಮೇಲಿನ ಮನೆ ಪುಟ್ಟಸಿದ್ದಯ್ಯ ತೀರಿಕೊಂಡ. ಪಂಚಾಯಿತಿಯವರು ದಾರಿಗೆ ಅಡ್ಡ ಬೊಂಬು ಕಟ್ಟಿದ್ದಾರೆ. ಬಸ್ಸೂ ಇಲ್ಲ, ಗ್ಯಾಸ್ ಗಾಡಿಯೂ ಇಲ್ಲ. ಡಾಕ್ಟರು ಬಂದು, ಕುದಿಸದೆ ಒಂದು ಗುಟುಕೂ ಕುಡೀಬೇಡಿ ಅಂದು ಹೋದರು. ಒಟ್ಟಿದ್ದ ಸೌದೆಯೆಲ್ಲ ಮುಗಿದು ಕಾಡಿನ ಕಡೆ ಹೊರಟರೆ ಫಾರೆಸ್ಟ್ ಗಾರ್ಡು, ಒಂದ್ ಕಡ್ಡಿನೂ ಮುಟ್ಟಂಗಿಲ್ಲ ಕಣಮ್ಮಾ, ಆರ್ಡರ್ ಅದೆ ಅಂದ. ಅವನನ್ನೇನು ಅನ್ನುವುದು, ಡಾಕ್ಟರು ಹೇಳಿದ್ದನ್ನು ಅವನಿಗೆ ಯಾರೂ ತಿಳಿಸಿಲ್ಲ. ಪಕ್ಕದ ಮನೆ ಬಸವಮ್ಮನ ಬಾಯಿ ನಿನಗೆ ಗೊತ್ತಲ್ಲ. ನೀವೆಲ್ಲಾ ಒಂದೇ ಜೀಪಲ್ಲಿ ಬಂದು ಯೋಳಿ ಸಾ, ಬ್ಯಾರೆ ಬ್ಯಾರೆ ಬಂದ್ರೆ ನಾವ್ ಯಾರ ಮಾತ್ ಕೇಳನಾ ಅಂತ ಬೇಲಿಯಿಂದಲೇ ಕೂಗಿದಳು. ಗಾರ್ಡೂ ನಕ್ಕುಬಿಟ್ಟ. ಸೌದೆ ಮಾತ್ರ ಬಿಡಲಿಲ್ಲ.

ಮಾರನೆಯ ದಿನ ಅವಳ ಮೊಮ್ಮಗುವಿಗೇ ಶುರುವಾಯಿತು. ರೂಪ ಪುಡಿಯ ಪೊಟ್ಟಣ ಕೊಟ್ಟು, ಕುದಿಸಿ ಆರಿಸಿದ ನೀರಲ್ಲೇ ಕಲಸಿ ಕುಡಿಸುತ್ತಿರಿ ಅಂದಳು. ಅವರ ಒಲೆ ತಣ್ಣಗಿತ್ತು. ಹೇಗೋ ನೀರು ಕುದಿಯಿತು. ಮಗು ಈಗ ಕಣ್ಣು ಬಿಟ್ಟಿದೆ, ಗಟ್ಟಿಯಾಗಿ ಅಳುತ್ತದೆ. ಅದನ್ನು ಕೇಳುತ್ತಾ ನನಗೆ ಹೊತ್ತು ಹೋಗುತ್ತದೆ.

ಜಗಲಿಗೆ ಯಾರೂ ಬರುವುದಿಲ್ಲ ಪುಷ್ಪಾ. ಎಲೆಅಡಿಕೆ ತಟ್ಟೆ ಇಟ್ಟುಕೊಂಡು ಒಬ್ಬಳೇ ಕೂತಿರುತ್ತೇನೆ. ಫೋನಿಗೆ ಸಿಗ್ನಲ್ಲೂ ಇಲ್ಲ. ನೀನು ಎದುರು ಕೂತು, ಅಕ್ಕಾ ಸಾರಿಗೆ ಉಪ್ಪು ಸುರಿದಿದ್ದೀಯ ಅಂತ ಬೈದರೂ ಸಾಕು ಅನ್ನಿಸುತ್ತದೆ. ಆದರೂ ಬರಬೇಡ. ರೂಪ ಹನೂರಿಗೆ ಹೋಗುವಾಗ ಈ ಕಾಗದ ಡಬ್ಬಕ್ಕೆ ಹಾಕುತ್ತಾಳೆ.

ಕೂಸಿನ ಕೆನ್ನೆಯನ್ನು ನನ್ನ ಲೆಕ್ಕದಲ್ಲಿ ಒಂದು ಸಲ ಮುಟ್ಟು.

ನಿನ್ನ ಅಕ್ಕ
ಚಿಕ್ಕನಿಂಗಮ್ಮ

ಇನ್ನೊಂದು ಮಾತು. ತೊಟ್ಟಿಲಿಗೆ ಕಾಯಬೇಡಿ, ಹೊಸದು ಕೊಂಡುಕೊಳ್ಳಿ. ನಮ್ಮದು ಹೊನ್ನೆ ಮರ, ಬಹಳ ಹೊತ್ತು ಉರಿಯಿತು. ಹಳೇ ಮಂಚದ ಕಾಲು ಅಂದುಕೊಂಡಿದ್ದಾಳೆ ಬಸವಮ್ಮ, ನಾನೂ ಹೇಳಲಿಲ್ಲ. ಹಿತ್ತಾಳೆ ಸರಪಳಿಯನ್ನು ಅದರ ಬೂದಿಯಲ್ಲೇ ತಿಕ್ಕಿ ತೊಳೆದಿಟ್ಟಿದ್ದೇನೆ. ಬಸ್ಸು ಬಿಟ್ಟ ದಿನ ತರುತ್ತೇನೆ.